ಬೈಲಪ್ಪನ ಎದೆಗೆ ಅಕ್ತರನ ಕಾಗದ

ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ವಾಯು. ಓಮಿನ ನೀರು ಕುಡಿ, ಸರಿಹೋಗುತ್ತದೆ. ಹಲಸೂರಿನ ಬೈಲಪ್ಪನೂ ಮೂರು ತಿಂಗಳು ಓಮಿನ ನೀರು ಕುಡಿದ. ಸರಿಹೋಗಲಿಲ್ಲ.

ಬೈಲಪ್ಪನಿಗೆ ನಲವತ್ತಾರು ವರ್ಷ. ಅವನ ಕೆಲಸ ಪಿಯಾನೋ ಹೊರುವುದು. ಯುದ್ಧ ಮುಗಿದ ಮರುವರ್ಷ, ಬೆಂಗಳೂರು ದಂಡಿನ ಬಂಗಲೆಗಳಿಂದ ಬಿಳಿ ದೊರೆಗಳ ಸಂಸಾರಗಳು ಒಂದೊಂದಾಗಿ ತಮ್ಮ ಊರಿಗೆ ಹೊರಟಿದ್ದವು. ವಾರವಾರವೂ ಎಲ್ಲಾದರೂ ಒಂದು ಕಡೆ ಹರಾಜು. ಬೀರು, ಮಂಚ, ಕನ್ನಡಿಯ ಮೇಜು ಹೊರುವುದಕ್ಕೆ ಬೇಕಾದಷ್ಟು ಜನ ಸಿಗುತ್ತಿದ್ದರು. ಪಿಯಾನೋ ಹಾಗಲ್ಲ. ಅದಕ್ಕೆ ಪಳಗಿದ ನಾಲ್ಕು ಜನ ಬೇಕು. ಒಂದು ಮೂಲೆ ತಗ್ಗಿದರೂ ಉಳಿದ ಮೂವರ ಮೇಲೆ ಭಾರ ಬೀಳುತ್ತದೆ. ಬೈಲಪ್ಪ, ಬ್ಲಾಕ್‌ಪಳ್ಳಿಯ ಅಕ್ತರ್, ಮರ್ಫಿ ಟೌನಿನ ಇಬ್ಬರು ಅಣ್ಣತಮ್ಮಂದಿರು, ಇವರ ತಂಡ ಹದಿನೆಂಟು ವರ್ಷಗಳಿಂದ ಒಡೆದಿರಲಿಲ್ಲ.

ತಂಡದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಮೂಲೆ. ಒಬ್ಬನಿಗೆ ಜ್ವರ ಬಂದರೆ, ಮನೆಯಲ್ಲಿ ಏನಾದರೂ ಆದರೆ, ಹೊರಗಿನವನನ್ನು ಕರೆಯುತ್ತಿರಲಿಲ್ಲ. ಉಳಿದವರಲ್ಲಿ ಒಬ್ಬ ತನ್ನ ಮೂಲೆಯ ಜೊತೆಗೆ ಅವನ ಮೂಲೆಯನ್ನೂ ನೋಡಿಕೊಳ್ಳುತ್ತಿದ್ದ. ಲೆಕ್ಕದಲ್ಲಿ ಹೆಸರು ಬಾರದವನದೇ, ಕೂಲಿಯೂ ಅವನಿಗೇ. ಇದಕ್ಕೆ ಅವರು ‘ಮೂಲೆ ಹಿಡಿಯೋದು’ ಎನ್ನುತ್ತಿದ್ದರು. ಹದಿನೆಂಟು ವರ್ಷಗಳಲ್ಲಿ ಯಾರೂ ಇದಕ್ಕೆ ಇಲ್ಲವೆಂದಿರಲಿಲ್ಲ.

ಒಂದು ಬೆಳಿಗ್ಗೆ ಬೈಲಪ್ಪನ ಹೆಂಡತಿ ಅಂಜಿನಮ್ಮ ಸೊಪ್ಪಿನ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೊರಟಿದ್ದಳು. ಅವಳಿಗಿಂತ ಮೊದಲೇ ಮನೆ ಬಿಟ್ಟ ಗಂಡ ಕೆರೆ ಏರಿಯ ಮೇಲೆ ನಿಂತಿದ್ದ. ಎಡಗೈ ಜೋತು ಬಿದ್ದಿತ್ತು. ಹಣೆಯ ಮೇಲೆ ಬೆವರು.

“ಏನಯ್ಯಾ, ಹಂಗ್ಯಾಕೆ ನಿಂತ್ಬಿಟ್ಟೆ?”

“ಕೆರೆ ನೋಡ್ತಾ ಇವ್ನಿ.”

“ನಲ್ವತ್ತಾರು ವರ್ಷದಿಂದ ಇಲ್ಲೇ ಇರೋ ಕೆರೆ ಇವತ್ತು ಕಂಡ್ತಾ ನಿಂಗೆ?”

“ವಾಯು ಕಣೆ. ಒಂದ್ ಗಳಿಗೆ ನಿಂತ್ರೆ ಇಳೀತದೆ.”

“ನಡೆದ್ರೆ ಬತ್ತದೆ, ನಿಂತ್ರೆ ಓಯ್ತದೆ. ಇದ್ಯಾವ ಸೀಮೆ ವಾಯು? ವಾಯುಗೆ ನೀನು ನಿಂತಿದ್ದು ಹೆಂಗ್ ಗೊತ್ತಾಯ್ತದೆ?”

ಮಾರನೆಯ ದಿನ, ಮಂಗಳವಾರ, ಅಂಜಿನಮ್ಮ ಸೊಪ್ಪಿನ ಬುಟ್ಟಿಯನ್ನು ಮನೆಯಲ್ಲೇ ಇಟ್ಟು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ನಾಡಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ತೂಕ ಬರೆದುಕೊಂಡರು. ಆಮೇಲೆ ಇನ್ನೊಂದು ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದೊಂದು ಗೇಣು ಎತ್ತರದ ಎರಡು ಮರದ ಮೆಟ್ಟಿಲುಗಳಿದ್ದವು. ಪಕ್ಕದಲ್ಲಿ ಒಂದು ಯಂತ್ರ.

“ಈ ಕಡೆಯಿಂದ ಹತ್ತಿ ಆ ಕಡೆ ಇಳಿಯಬೇಕು. ತಿರುಗಿ ಮತ್ತೆ ಹತ್ತಬೇಕು. ನಾನು ಸಾಕು ಅನ್ನುವವರೆಗೆ,” ಎಂದರು ಡಾಕ್ಟರು.

ಬೈಲಪ್ಪ ನಕ್ಕುಬಿಟ್ಟ. “ಇದೇನಾ ಸ್ವಾಮಿ ಪರೀಕ್ಷೆ? ನಾನು ಇಪ್ಪತ್ತೆರಡು ಮೆಟ್ಲು ಪಿಯಾನೋ ಸಮೇತ ಇಳಿಯೋನು.”

“ಇವತ್ತು ಪಿಯಾನೋ ಬಿಟ್ಟು ಹತ್ತಪ್ಪ.”

ಮೊದಲು ಅವನನ್ನು ಮಲಗಿಸಿ, ಎರಡು ಮಣಿಕಟ್ಟಿಗೂ ಎಡಗಾಲಿಗೂ ಉಪ್ಪುನೀರಿನ ಬಟ್ಟೆ ಸುತ್ತಿ, ತಂತಿ ಕಟ್ಟಿ, ಯಂತ್ರದಿಂದ ಗುಂಡಿಗೆಯ ಬಡಿತದ ಗೆರೆ ತೆಗೆದರು. ಆಮೇಲೆ ಮೆಟ್ಟಿಲು. ಡಾಕ್ಟರು ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಒಂದು ನಿಮಿಷ ದಾಟುವಷ್ಟರಲ್ಲಿ ಬೈಲಪ್ಪನ ನಗು ನಿಂತಿತು. ಕೈ ತಾನಾಗಿ ಎದೆಗೆ ಹೋಯಿತು. ಡಾಕ್ಟರು ಕೂಡಲೇ ನಿಲ್ಲಿಸಿ, ಮಲಗಿಸಿ, ಮತ್ತೆ ಗೆರೆ ತೆಗೆದರು.

ಗೆರೆಯ ಕಾಗದವನ್ನು ಫೋಟೋದಂತೆ ತೊಳೆದು ಒಣಗಿಸಬೇಕು. ಮರುದಿನ ಬಂದಾಗ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

“ಮಲಗಿದ್ದಾಗ ಗೆರೆ ಸರಿಯಾಗಿದೆ. ಹತ್ತಿ ಇಳಿದ ಮೇಲೆ ಇಲ್ಲಿ ಕುಸಿದಿದೆ, ನೋಡಿ. ಕೆಲಸ ಜಾಸ್ತಿಯಾದಾಗ ಗುಂಡಿಗೆಗೆ ರಕ್ತ ಸಾಲುತ್ತಿಲ್ಲ ಅಂತ ನನಗೆ ಅನುಮಾನ. ಅನುಮಾನ ಅಷ್ಟೇ. ಒಬ್ಬೊಬ್ಬರಿಗೆ ರೋಗವಿಲ್ಲದೆಯೂ ಗೆರೆ ಹೀಗೆ ಬರುತ್ತೆ. ಅದಕ್ಕೇ ಇನ್ನೂ ಕೆಲವು ಪರೀಕ್ಷೆ ಆಗಬೇಕು. ಮುಂದಿನ ಮಂಗಳವಾರ ಬನ್ನಿ. ಅಲ್ಲಿಯವರೆಗೆ ಭಾರ ಹೊರಬೇಡಿ.”

ಅಷ್ಟೂ ಮಾತಿನಲ್ಲಿ ಬೈಲಪ್ಪನ ಕಿವಿಗೆ ಬಿದ್ದದ್ದು ಕೊನೆಯದು ಮಾತ್ರ.

ಆ ಸಂಜೆ ಜಗಲಿಯ ಮೇಲೆ ಎದುರುಮನೆಯ ವೆಂಕಟಸ್ವಾಮಿ ಬಂದು ಕುಳಿತ. ಯುದ್ಧದ ವೇಳೆ ಪಟಾಲಮ್ಮಿಗೆ ಸೇರಲು ಹೋಗಿ ವಾಪಸ್ಸು ಬಂದವನು.

“ನಂಗೆ ಗೊತ್ತಿಲ್ವಾ ಇವರ ಪರೀಕ್ಷೆ? ಒಂದ್ಸಲ ಉಸಿರೆಳ್ಕೊ ಅಂತಾರೆ, ಒಂದ್ಸಲ ಬಿಡು ಅಂತಾರೆ. ಆಮೇಲೆ ಟಪ್ ಅಂತ ಸೀಲು. ಅನ್‌ಫಿಟ್! ಮೊದಲ್ನೇ ಪರೀಕ್ಷೆಗೇ ಬಿಟ್ಟಿದ್ರೆ ಬಚಾವ್. ಎರಡ್ನೇದಕ್ಕೆ ಕರುದ್ರು ಅಂದ್ರೆ ಹೆಸ್ರು ಹೊಡೆದಾಕೋಕೇ ಕರ್ದವ್ರೆ ಅಂತ ತಿಳ್ಕೊ.”

ಪಕ್ಕದ ಮನೆಯ ಆರೋಗ್ಯಮೇರಿ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಿದ್ದಳು. ಅವಳು ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸು. ಅಲ್ಲಿಂದಲೇ ಹೇಳಿದಳು:

“ವೆಂಕಟಸ್ವಾಮಣ್ಣ, ಅದು ಪಟಾಲಮ್ಮಿನ ಪರೀಕ್ಷೆ. ಅವರಿಗೆ ಬೇಕಾದ್ದು ಸಿಪಾಯಿ. ಇದು ಆಸ್ಪತ್ರೆ. ಇಲ್ಲಿ ಬೇಕಾದ್ದು ಬೈಲಪ್ಪಣ್ಣ ಬದುಕೋದು.”

“ಹಂಗಾರೆ ಒಂದ್ ಪರೀಕ್ಷೆ ಸಾಲ್ದಾ ಸಿಸ್ಟರಮ್ಮ? ಇನ್ನೂ ಯಾಕೆ?” ಎಂದ ಬೈಲಪ್ಪ.

“ಸಂತೇಲಿ ಮಡಕೆ ತಗೊಳ್ಳೋವಾಗ ತಟ್ಟಿ ನೋಡ್ತೀರಲ್ಲ. ಸದ್ದು ಬೇರೆ ತರ ಬಂದ್ರೆ ಏನ್ ಮಾಡ್ತೀರಾ?”

“ಅಲ್ಲೇ ಇಟ್ಬಿಟ್ಟು ಇನ್ನೊಂದು ತಗೋತೀನಿ.”

“ಗುಂಡಿಗೆ ಹಂಗೆ ಇಟ್ಬಿಟ್ಟು ಇನ್ನೊಂದು ತಗೊಳ್ಳೋಕಾಯ್ತದಾ? ನಿಮ್ಮ ಮೆಟ್ಲು ಪರೀಕ್ಷೆ ಇದ್ಯಲ್ಲ, ಅದು ತಟ್ಟಿ ನೋಡ್ದಂಗೆ. ಸದ್ದು ಸರಿ ಬಂದಿಲ್ಲ. ಬಿರುಕು ಇದ್ಯಾ, ಇದ್ರೆ ಎಲ್ಲಿ, ಎಷ್ಟು? ಅದು ತಟ್ಟಿದ್ರೆ ಗೊತ್ತಾಗಲ್ಲ. ನೀರು ಹಾಕಿ ನೋಡ್ಬೇಕು.”

ಅಂಜಿನಮ್ಮ ತಲೆಯಾಡಿಸಿದಳು. ಬೈಲಪ್ಪ ಎದ್ದು ಒಳಗೆ ಹೋದ.

ಅವನ ಚಿಂತೆ ಬೇರೆಯಾಗಿತ್ತು. ಮುಂದಿನ ಮಂಗಳವಾರ ಕಳೆದು ಬರುವ ಶನಿವಾರ ಬೆನ್ಸನ್ ಟೌನಿನ ಒಂದು ಬಂಗಲೆಯ ಮಹಡಿಯಿಂದ ದೊಡ್ಡ ಪಿಯಾನೋ ಇಳಿಸಬೇಕಾಗಿತ್ತು. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು. ಅಂಥ ಕೆಲಸಕ್ಕೆ ಹರಾಜಿನವರು ಕೇಳುತ್ತಿದ್ದುದು ಬೈಲಪ್ಪನ ತಂಡವನ್ನೇ. ಇವನ ಎದೆ ಸರಿಯಿಲ್ಲವಂತೆ ಎಂಬ ಮಾತು ಅವರ ಕಿವಿಗೆ ಬಿದ್ದರೆ ನಾಲ್ವರ ಕೆಲಸವೂ ಹೋದಂತೆ ಎಂದು ಅವನು ತಿಳಿದಿದ್ದ. ಡಾಕ್ಟರು ಬೇಡವೆಂದ ಮೂರನೆಯ ದಿನವೇ, ಆ ವಾರದ ಶನಿವಾರ, ಹೆಂಡತಿಗೆ ಹೇಳದೆ ಹೋಗಿ ಒಂದು ಸಣ್ಣ ಪಿಯಾನೋ ಇಳಿಸಿ ಬಂದ.

ಅವತ್ತು ಕೆಲಸ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಅಕ್ತರನಿಗೆ ಎಲ್ಲವನ್ನೂ ಹೇಳಿದ. ಎದೆ ಹಿಡಿಯುವುದನ್ನು ಮಾತ್ರ ಹೇಳಲಿಲ್ಲ. ಡಾಕ್ಟರು ಮತ್ತೆ ಕರೆದಿದ್ದಾರೆ, ಕೆಲಸದಿಂದ ಹೆಸರು ಹೊಡೆದುಹಾಕುತ್ತಾರೆ ಎಂದ.

ಅಕ್ತರ್ ಅವನಿಗಿಂತ ಹತ್ತು ವರ್ಷ ಚಿಕ್ಕವನು. ಬಾಗಿಲಲ್ಲಿ ನಿಂತರೆ ಬೆಳಕು ನಿಲ್ಲುವಂಥ ಆಳು.

“ಅರೆ ಭಾಯ್, ಇಷ್ಟಕ್ಕೆಲ್ಲ ಮುಖ ಇಳಿಸ್ಕೊಂಡು ಕೂತಿದ್ಯಾ? ಆ ಆಸ್ಪತ್ರೇಲಿ ದಿನಾ ಎಷ್ಟ್ ಜನ ಹೋಗ್ತಾರೆ! ಅವ್ರು ಮುಖ ನೋಡ್ತಾರಾ? ಎದೆ ನೋಡ್ತಾರೆ. ಮಂಗಳವಾರ ನಿನ್ ಮೂಲೆ ನಾನ್ ಹಿಡೀತೀನಿ.”

“ಆಸ್ಪತ್ರೇಲಾ?”

“ಎಲ್ಲಾದ್ರೇನು? ನಂಗೆ ಟೈಫಾಯ್ಡ್ ಬಂದಾಗ ಒಂದ್ ತಿಂಗಳು ನೀನ್ ಹಿಡೀಲಿಲ್ವಾ? ಈಗ ನಂದು.”

ಮೋಸ ಮಾಡುತ್ತಿದ್ದೇವೆ ಎಂದು ಇಬ್ಬರಿಗೂ ಅನಿಸಲಿಲ್ಲ. ಸ್ನೇಹಿತನಿಗೆ ಕಷ್ಟ ಬಂದಿದೆ, ಅವನ ಹೆಸರಿನಲ್ಲಿ ತಾನು ನಿಲ್ಲಬೇಕು. ಅಕ್ತರನಿಗೆ ಗೊತ್ತಿದ್ದದ್ದು ಅಷ್ಟೇ.

ಮಂಗಳವಾರ ಅಂಜಿನಮ್ಮ ಜೊತೆಗೆ ಹೊರಟಳು. “ನಾನೇನ್ ಕೂಸಾ?” ಎಂದು ಬೈಲಪ್ಪ ಅವಳನ್ನು ಮಾರ್ಕೆಟ್ಟಿಗೆ ಕಳಿಸಿದ. ಆಸ್ಪತ್ರೆಯಲ್ಲಿ ಅವತ್ತು ಬೇರೆ ಡಾಕ್ಟರು. “ಬೈಲಪ್ಪ” ಎಂದು ಕೂಗಿದಾಗ ಅಕ್ತರ್ ಎದ್ದ. ತೂಕ ನೋಡಿದರು, ಮೆಟ್ಟಿಲು ಹತ್ತಿಸಿದರು, ಗೆರೆ ತೆಗೆದರು. ಅಕ್ತರ್ ಆಟವಾಡಿದಂತೆ ಹತ್ತಿ ಇಳಿದ. ಬೈಲಪ್ಪ ಹೊರಗೆ ಮರದ ಕೆಳಗೆ ಕುಳಿತು ಬೀಡಿ ಸೇದುತ್ತಿದ್ದ.

ಬುಧವಾರ ಕಾಗದ ಕೈಗೆ ಬಂತು. ಗೆರೆ ಶುದ್ಧವಾಗಿದೆ, ಸದ್ಯಕ್ಕೆ ಬೇರೆ ಪರೀಕ್ಷೆಗಳ ಅಗತ್ಯವಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಅದರಲ್ಲಿ ಬರೆದಿತ್ತು.

ಅಂಜಿನಮ್ಮ ದೇವರಿಗೆ ದೀಪ ಹಚ್ಚಿದಳು. ರೇಷನ್ನಿನ ಸಕ್ಕರೆಯಲ್ಲಿ ಉಳಿದದ್ದನ್ನೆಲ್ಲ ಹಾಕಿ ಪಾಯಸ ಮಾಡಿದಳು. ಒಂದು ಲೋಟ ಪಾಯಸವನ್ನೂ ಆ ಕಾಗದವನ್ನೂ ಹಿಡಿದುಕೊಂಡು ಆರೋಗ್ಯಮೇರಿಯ ಮನೆಗೆ ಹೋದಳು.

“ಏನ್ ಬರ್ದವ್ರೆ, ಒಂದಕ್ಷರ ಬಿಡದಂಗೆ ಓದಿ ಹೇಳಮ್ಮ. ಹಳೇ ಕಾಗದಾನೂ ತಂದಿವ್ನಿ.”

ಆರೋಗ್ಯಮೇರಿ ಓದಿದಳು. ಮತ್ತೊಮ್ಮೆ ಓದಿದಳು. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡಳು.

“ಅಕ್ಕ, ಹೋದ ವಾರ ಬೈಲಪ್ಪಣ್ಣನ ತೂಕ ನೂರಿಪ್ಪತ್ತನಾಲ್ಕು ಪೌಂಡು.”

“ಊಂ.”

“ಈ ವಾರ ನೂರೈವತ್ತೇಳು.”

“ಜಾಸ್ತಿನಾ?”

“ಏಳು ದಿನದಲ್ಲಿ ಮೂವತ್ಮೂರು ಪೌಂಡು, ಅಕ್ಕ. ನೀವು ಏನ್ ಹಾಕಿದ್ರಿ ಊಟಕ್ಕೆ?”

“ರೇಷನ್ ಅಕ್ಕಿ. ಅದ್ರಲ್ಲಿ ಅರ್ಧ ಕಲ್ಲು,” ಎಂದಳು ಅಂಜಿನಮ್ಮ. ಹೇಳುತ್ತಿದ್ದಂತೆ ಅವಳ ಮುಖ ಬದಲಾಯಿತು. ಪಾಯಸದ ಲೋಟವನ್ನು ಕೆಳಗಿಟ್ಟಳು. ತಮ್ಮ ಬಳಗದಲ್ಲಿ ಅಷ್ಟು ತೂಗುವ ಗಂಡಸು ಯಾರೆಂದು ಅವಳು ಯೋಚಿಸಬೇಕಾಗಿರಲಿಲ್ಲ.

ಮನೆಗೆ ಬಂದು ಅವಳು ಗಂಡನೊಡನೆ ಜಗಳವಾಡಲಿಲ್ಲ. ಗುರುವಾರ ಸಂಜೆ ಅವನು ಅಕ್ತರನ ಮನೆಗೆ ಹೊರಟಾಗ ಸುಮ್ಮನಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಆರೋಗ್ಯಮೇರಿಯನ್ನು ಕರೆದುಕೊಂಡು ತಾನೂ ಹೊರಟಳು. ಬ್ಲಾಕ್‌ಪಳ್ಳಿಯ ಆ ಸಣ್ಣ ಮನೆಯಲ್ಲಿ ಗಂಡಸರಿಬ್ಬರೂ ಶನಿವಾರ ಪಿಯಾನೋ ಕಟ್ಟುವ ಹಗ್ಗಗಳನ್ನು ಬಿಚ್ಚಿ ನೋಡುತ್ತಿದ್ದರು. ಅಕ್ತರನ ಹೆಂಡತಿ ಸಾಬಿರಾ ಒಲೆಯ ಮುಂದೆ ಇದ್ದಳು.

ಅಂಜಿನಮ್ಮ ಕಾಗದವನ್ನು ಅಕ್ತರನ ಮುಂದೆ ಹಿಡಿದಳು.

“ಅಕ್ತರಣ್ಣ, ನಿನ್ನ ಗುಂಡಿಗೆ ಭಾಳ ಚೆನ್ನಾಗೈತಂತೆ. ಸಕ್ಕರೆ ಹಂಚಪ್ಪ.”

ಹಗ್ಗ ಅಕ್ತರನ ಕೈಯಲ್ಲೇ ಉಳಿಯಿತು. ಬೈಲಪ್ಪ ಗೋಡೆ ನೋಡಿದ.

“ಅತ್ಗೆ, ಕೆಟ್ಟದಕ್ಕೆ ಮಾಡ್ಲಿಲ್ಲ, ಅಲ್ಲಾನ ಆಣೆ. ಭಾಯಿದು ಮೂಲೆ ಹಿಡ್ದೆ ಅಷ್ಟೇ.”

“ಪಿಯಾನೋ ಮೂಲೆ ಹಿಡೀಬಹುದಪ್ಪ. ಇವನ ಎದೆನೋವು ನೀನು ಹಿಡ್ಕೊಂಡ್ಯಾ? ಅದು ಇನ್ನೂ ಇವನತ್ರಾನೇ ಐತಲ್ಲ.”

“ಯಾವ ನೋವು?”

ಬೈಲಪ್ಪ ಹಗ್ಗದ ಗಂಟು ಬಿಗಿಯತೊಡಗಿದ.

“ಹೇಳಿಲ್ವಾ?” ಎಂದಳು ಅಂಜಿನಮ್ಮ. “ಸರಿ. ನಾನ್ ಒಂದ್ ಮಾತು ಕೇಳ್ತೀನಿ. ಶನಿವಾರ ಮಹಡಿಯಿಂದ ಇಳಿಸ್ತೀರಲ್ಲ, ಯಾರು ಮೇಲೆ, ಯಾರು ಕೆಳಗೆ?”

“ನಾನು ಕೆಳಗೆ,” ಎಂದ ಅಕ್ತರ್. “ಭಾರ ತಡೆಯೋನು ಕೆಳಗೆ ಇರ್ಬೇಕು. ಬೈಲಪ್ಪಣ್ಣ ಸರಿಯಾಗಿ ನನ್ ಮೇಲೆ. ಹಗ್ಗ ಬಿಗಿಹಿಡ್ಕೊಂಡು.”

“ಯಾವ ಕೈಲಿ?”

“ಎರಡೂ ಕೈಲಿ, ಅತ್ಗೆ. ಎಡಗೈ ಮುಂದೆ.”

“ಆ ಎಡಗೈ ಮರಗಟ್ಟಿದ್ರೆ?”

ಸಾಬಿರಾ ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಬೈಲಪ್ಪನ ಎದುರಿಗೆ ನಿಂತಳು. ಅವಳು ಅವನನ್ನು ನೇರವಾಗಿ ಮಾತನಾಡಿಸುತ್ತಿದ್ದುದು ಕಡಿಮೆ.

“ಭಾಯ್, ನಿಮ್ಗೆ ಕೈ ಹಂಗೆ ಆಗ್ತದಾ?”

“ಯಾವಾಗ್ಲೋ ಒಂದ್ಸಲ, ತಂಗಿ.”

“ಹೊರೋವಾಗ ಆಗಿದ್ಯಾ?”

ಬೈಲಪ್ಪ ತಲೆ ತಗ್ಗಿಸಿದ. “ಹೋದ ಶನಿವಾರ ಹಗ್ಗ ಜಾರ್ತು. ಒಂದ್ ಮೆಟ್ಲು ಅಷ್ಟೇ.”

ಅಕ್ತರ್ ಎದ್ದು ನಿಂತ. ಅವನ ಬಲ ಭುಜದ ಮೇಲೆ ಅಂಗೈ ಅಗಲದ ಕಪ್ಪು ಗಾಯ ಇನ್ನೂ ಇತ್ತು. “ಅದು ನೀನಾ? ನಾನು ನನ್ ಕಾಲೇ ಜಾರ್ತು ಅಂದ್ಕೊಂಡಿದ್ದೆ. ಐದು ದಿನದಿಂದ ಇವಳು ಎಣ್ಣೆ ತಿಕ್ತಾ ಇದಾಳೆ. ಹೇಳೋಕೇನಾಗಿತ್ತು ನಿಂಗೆ?”

“ಹೇಳಿದ್ರೆ ನೀನು ನನ್ನ ಹೊರೋಕೆ ಬಿಡ್ತಿದ್ಯಾ?”

“ಈಗ್ಲೂ ಬಿಡಲ್ಲ. ಶನಿವಾರ ನಿನ್ ಕೆಳಗೆ ನಾನ್ ನಿಲ್ಲಲ್ಲ, ಭಾಯ್.”

ಹದಿನೆಂಟು ವರ್ಷಗಳಲ್ಲಿ ಬೈಲಪ್ಪ ಈ ಮಾತು ಕೇಳಿದ್ದು ಇದೇ ಮೊದಲು. ಅವನು ಹಗ್ಗದ ರಾಶಿಯ ಪಕ್ಕದಲ್ಲಿ ಕುಳಿತುಬಿಟ್ಟ. ಹಗ್ಗದ ತುದಿ ತಿರುವುತ್ತ ಹೇಳಿದ:

“ಏನೋ ಐತೆ ಅಂತ ಕಂಡ್ಬಿಟ್ರೆ ಏನ್ ಮಾಡ್ಲಿ? ಹೊರೋದು ಬಿಟ್ರೆ ನಂಗಿನ್ನೇನ್ ಗೊತ್ತು? ಅದಕ್ಕೇ ನೋಡೋದೇ ಬೇಡ ಅಂತ.”

ಆರೋಗ್ಯಮೇರಿ ಅವನ ಪಕ್ಕದಲ್ಲಿ ಕುಳಿತಳು. ಅವಳ ದನಿ ಗಟ್ಟಿಯಾಗಿರಲಿಲ್ಲ.

“ಅಣ್ಣ, ಡಾಕ್ಟ್ರು ನೋಡ್ಲಿ ಬಿಡ್ಲಿ, ಇರೋದು ಇದ್ದೇ ಇರ್ತದೆ. ನೋಡಿದ್ರೆ ಔಷಧಿ ಕೊಡ್ತಾರೆ. ಯಾವ ಕೆಲಸ ಮಾಡ್ಬಹುದು, ಯಾವ್ದು ಬೇಡ ಅಂತ ಹೇಳ್ತಾರೆ. ಏನೂ ಇಲ್ಲ ಅಂತ ಆದ್ರೆ ಧೈರ್ಯವಾಗಿ ಹೊರ್ತೀರಿ. ನೋಡದೆ ಇದ್ರೆ ಔಷಧೀನೂ ಇಲ್ಲ, ಧೈರ್ಯಾನೂ ಇಲ್ಲ.”

“ಅವ್ರು ಗೆರೆ ಅಂತ ಏನೇನೋ ಅಂತಾರೆ, ನಾವು ತಲೆ ಅಲ್ಲಾಡಿಸ್ಕೊಂಡು ಬತ್ತೀವಿ,” ಎಂದಳು ಅಂಜಿನಮ್ಮ.

“ಅಲ್ಲಾಡಿಸ್ಬೇಡಿ. ಕೇಳಿ. ಈ ಪರೀಕ್ಷೆ ಯಾತಕ್ಕೆ ಅಂತ ಕೇಳಿ. ಇದ್ರಿಂದ ಏನ್ ಗೊತ್ತಾಗ್ತದೆ, ಗೊತ್ತಾದ್ಮೇಲೆ ಮುಂದೆ ಏನ್ ಬದಲಾಗ್ತದೆ ಅಂತ ಕೇಳಿ. ಇದ್ರಲ್ಲಿ ಅಪಾಯ ಏನು, ಮಾಡಿಸ್ದೆ ಇದ್ರೆ ಏನು. ಗೊತ್ತಾಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳಿ. ಕೇಳಿದ್ರೆ ಯಾವ ಡಾಕ್ಟ್ರೂ ನಿಮ್ಮನ್ನ ಓಡಿಸಲ್ಲ.”

ಅಂಜಿನಮ್ಮ ಒಂದೊಂದು ಪ್ರಶ್ನೆಗೂ ಒಂದೊಂದು ಬೆರಳು ಮಡಚಿದಳು. ಹೆಬ್ಬೆರಳೂ ಮಡಚಿಹೋಯಿತು.

ಶುಕ್ರವಾರ ಬೆಳಿಗ್ಗೆ ಅವರೆಲ್ಲ ಆಸ್ಪತ್ರೆಗೆ ಹೋದರು. ಮೊದಲಿನ ಡಾಕ್ಟರೇ ಇದ್ದರು. ಬೈಲಪ್ಪ ನಿಂತುಕೊಂಡೇ ನಡೆದದ್ದನ್ನು ಹೇಳಿದ. ಡಾಕ್ಟರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು.

“ಈ ಕಾಗದ ನಂಬಿಕೊಂಡು ನೀವು ಭಾರ ಹೊತ್ತು ಬಿದ್ದಿದ್ದರೆ, ಆಮೇಲೆ ಬಂದ ಡಾಕ್ಟರೂ ಇದನ್ನೇ ನೋಡುತ್ತಿದ್ದರು. ‘ಇವನ ಗುಂಡಿಗೆ ಚೆನ್ನಾಗಿದೆ, ಬೇರೆ ಏನೋ ಇರಬೇಕು’ ಅನ್ನುತ್ತಿದ್ದರು. ಗೊತ್ತಾಯಿತೇ ಏನು ಮಾಡಿದ್ದೀರಿ ಅಂತ?”

“ತಪ್ಪಾಯ್ತು ಸಾಬ್,” ಎಂದ ಅಕ್ತರ್.

“ನಿನ್ನ ಗುಂಡಿಗೆಗೆ ಏನೂ ಆಗಿಲ್ಲ. ತಲೆಗೆ ಒಂದು ಪರೀಕ್ಷೆ ಮಾಡಿಸಬೇಕು.”

ಸಾಬಿರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಂಜಿನಮ್ಮ ಮಾತ್ರ ನಗಲಿಲ್ಲ. ಮೊದಲ ಬೆರಳು ಮಡಚಿ ಕೇಳಿದಳು.

“ಇನ್ನು ಯಾವ್ಯಾವ ಪರೀಕ್ಷೆ ಸ್ವಾಮಿ? ಯಾತಕ್ಕೆ?”

ಡಾಕ್ಟರು ಕುರ್ಚಿ ತೋರಿಸಿ ಅವಳನ್ನು ಕೂರಿಸಿದರು. ಎಕ್ಸ್‌ರೇ ತೆಗೆದರೆ ಗುಂಡಿಗೆ ಊದಿಕೊಂಡಿದೆಯೇ, ಅದರಿಂದ ಹೊರಡುವ ದೊಡ್ಡ ರಕ್ತನಾಳ ಹೇಗಿದೆ ಎಂದು ಕಾಣುತ್ತದೆ. ರಕ್ತ ನೋಡಿದರೆ ರಕ್ತಹೀನತೆ ಇದೆಯೇ, ಹಳೆಯ ಸೋಂಕು ಇದೆಯೇ ಎಂದು ತಿಳಿಯುತ್ತದೆ. ಮೂತ್ರದಲ್ಲಿ ಸಕ್ಕರೆ ನೋಡಬೇಕು. ರಕ್ತದ ಒತ್ತಡವನ್ನು ಎರಡು ಮೂರು ದಿನ ಅಳೆಯಬೇಕು. ಮಲಗಿಸಿ ಇನ್ನೊಮ್ಮೆ ಗೆರೆ ತೆಗೆದು ಹಳೆಯದಕ್ಕೆ ಹೋಲಿಸಬೇಕು.

“ಮತ್ತೆ ಮೆಟ್ಲು ಹತ್ತಿಸ್ತೀರಾ?”

“ಈಗ ಇಲ್ಲ. ಹೊರುವಾಗ ಕೈ ಮರಗಟ್ಟಿದೆ ಅಂತ ಹೇಳಿದರಲ್ಲ, ಇನ್ನೊಮ್ಮೆ ಹತ್ತಿಸುವುದು ಕ್ಷೇಮವಲ್ಲ. ಉಳಿದದ್ದರಲ್ಲಿ ಒಂದು ಸೂಜಿ ಚುಚ್ಚುವ ನೋವು, ಅಷ್ಟೇ.”

“ಇಷ್ಟೆಲ್ಲ ಮಾಡಿದ್ರೆ ಪೂರ್ತಿ ಗೊತ್ತಾಯ್ತದಾ?”

“ಆಗದೇ ಇರಬಹುದು. ಸುಳ್ಳು ಹೇಳುವುದಿಲ್ಲ. ಆದರೆ ಈಗ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಾಗುತ್ತೆ. ಯಾವ ಔಷಧಿ ಕೊಡಬೇಕು, ಎಷ್ಟು ಕೆಲಸ ಮಾಡಬಹುದು ಅಂತ ಹೇಳುವುದಕ್ಕೆ ಅಷ್ಟಾದರೂ ಬೇಕು.”

“ಬೇಡ ಅಂದ್ರೆ?”

“ಬಲವಂತ ಮಾಡೋಕೆ ಆಗುವುದಿಲ್ಲ. ಇವರ ಹೆಸರನ್ನು ಯಾರಿಗೂ ಕಳಿಸುವುದೂ ಇಲ್ಲ. ತೀರ್ಮಾನ ಇವರದು.”

ಎಲ್ಲರೂ ಬೈಲಪ್ಪನ ಕಡೆ ನೋಡಿದರು. ಅವನು ತನ್ನ ಎಡಗೈಯನ್ನು ನೋಡಿಕೊಳ್ಳುತ್ತಿದ್ದ.

“ನಂದೂ ಒಂದ್ ಪ್ರಶ್ನೆ ಐತೆ ಸ್ವಾಮಿ. ಈ ಕೈ ಇನ್ನೊಂದ್ಸಲ ಹಗ್ಗ ಬಿಡ್ತದಾ?”

“ಅದನ್ನು ತಿಳಿಯುವುದಕ್ಕೇ ಈ ಪರೀಕ್ಷೆ.”

“ಹಂಗಾರೆ ಮಾಡಿ,” ಎಂದ ಬೈಲಪ್ಪ. “ಇವತ್ತೇ ಮಾಡಿ.”

ಎಕ್ಸ್‌ರೇ ಕೋಣೆಯ ಮುಂದೆ ಉದ್ದನೆಯ ಬೆಂಚು. ಜವಾನ ಬಾಗಿಲು ತೆರೆದು ಕೂಗಿದ: “ಬೈಲಪ್ಪ ಯಾರು?” ಅಕ್ತರ್ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡ. ಬೈಲಪ್ಪ ಅಂಗಿಯ ಗುಂಡಿ ಬಿಚ್ಚುತ್ತ ಎದ್ದ.

“ನಾನೇ,” ಎಂದ.

ಪರೀಕ್ಷೆಗಳು ಮುಗಿಯಲು ಒಂಬತ್ತು ದಿನ ಹಿಡಿಯಿತು. ಗುಂಡಿಗೆಗೆ ರಕ್ತ ತರುವ ನಾಳಗಳು ಕಿರಿದಾಗಿವೆ ಎಂದು ಡಾಕ್ಟರು ತೀರ್ಮಾನಿಸಿದರು. ಮೂತ್ರದಲ್ಲಿ ಸಕ್ಕರೆಯೂ ಇತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ನೋವು ಬಂದಾಗ ಕುಳಿತು ನಾಲಗೆಯ ಕೆಳಗೆ ಇಟ್ಟುಕೊಳ್ಳಲು ಸಣ್ಣ ಮಾತ್ರೆ ಕೊಟ್ಟರು. ಬೀಡಿ ಬಿಡಿಸಿದರು. ಊಟಕ್ಕೆ ಪಥ್ಯ ಹೇಳಿದರು. ಪಿಯಾನೋ ಹೊರುವುದು ಬೇಡವೆಂದರು.

ಬೆನ್ಸನ್ ಟೌನಿನ ಪಿಯಾನೋ ಆ ಶನಿವಾರ ಇಳಿಯಲಿಲ್ಲ. ಹರಾಜಿನವರು ಎರಡು ವಾರ ಕಾದರು. ತಂಡಕ್ಕೆ ಗರುಡಾಚಾರ್‌ಪಾಳ್ಯದ ಮುನಿರಾಜಪ್ಪನೆಂಬ ಹೊಸಬ ಬಂದ. ಈಗ ಬೈಲಪ್ಪ ಪಿಯಾನೋದ ಕಾಲುಗಳನ್ನು ಬಿಚ್ಚುತ್ತಾನೆ, ಕಂಬಳಿ ಸುತ್ತುತ್ತಾನೆ, ಎಲ್ಲಿ ತಿರುಗಿಸಬೇಕು ಎಲ್ಲಿ ನಿಲ್ಲಬೇಕು ಎಂದು ಕೂಗಿ ಹೇಳುತ್ತಾನೆ. ಈ ಕೆಲಸ ಅವನಿಗೆ ಇಷ್ಟವಿಲ್ಲ. ದಿನವೂ ಗೊಣಗುತ್ತಾನೆ. ಗೊಣಗಿಕೊಂಡೇ ಸಂಜೆ ಮನೆಗೆ ಬರುತ್ತಾನೆ.

ಓದುತ್ತಿರುವವರಿಗೆ, ಓದಿಸಿ ಕೇಳುತ್ತಿರುವವರಿಗೆ ಕೆಲವು ಮಾತು.

ನಡೆಯುವಾಗ, ಹತ್ತುವಾಗ, ಭಾರ ಎತ್ತುವಾಗ ಎದೆ ಬಿಗಿದು, ನಿಂತರೆ ಬಿಡುತ್ತಿದ್ದರೆ ಅದನ್ನು ವಾಯು ಎಂದು ನೀವೇ ತೀರ್ಮಾನಿಸಬೇಡಿ. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ಡಾಕ್ಟರಿಗೆ ತೋರಿಸಿ. ಕುಳಿತರೂ ನೋವು ಬಿಡದಿದ್ದರೆ, ಬೆವರು ಬಂದರೆ, ಒಂದು ಗಳಿಗೆಯೂ ಕಾಯಬೇಡಿ. ನಡೆಸಬೇಡಿ, ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿ.

ಮೆಟ್ಟಿಲು ಹತ್ತಿಸಿ ನೋಡುವ ಪರೀಕ್ಷೆಯಲ್ಲಿ ಗೆರೆ ಸರಿ ಬರದಿದ್ದರೆ ಹೆದರಿ ಓಡಬೇಡಿ. ಅದು ತೀರ್ಪಲ್ಲ, ಮುಂದೆ ಇನ್ನೂ ನೋಡಬೇಕು ಎಂಬ ಸೂಚನೆ. ಮುಂದಿನ ಪರೀಕ್ಷೆ ಯಾತಕ್ಕೆ, ಅದರಿಂದ ಏನಾಗುತ್ತದೆ, ಮಾಡಿಸದಿದ್ದರೆ ಏನಾಗಬಹುದು ಎಂದು ಡಾಕ್ಟರನ್ನು ಕೇಳಿ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ನೋವು, ಯಾವಾಗ ನೋವು ಎಂಬುದನ್ನು ಬಚ್ಚಿಡಬೇಡಿ. ಡಾಕ್ಟರಿಂದಲೂ ಬೇಡ, ಹೆಂಡತಿಯಿಂದಲೂ ಬೇಡ, ಜೊತೆಯಲ್ಲಿ ಭಾರ ಹೊರುವವನಿಂದಲೂ ಬೇಡ.

ಆ ಪ್ರಶ್ನೆಗಳನ್ನು ನೀವು ಬದುಕಿರುವಾಗಲೇ ಕೇಳಿ. ಆಮೇಲೆ ಅವನ್ನು ಮನೆಯಲ್ಲಿ ಉಳಿದವರು ಕೇಳಿಕೊಳ್ಳಬೇಕಾಗುತ್ತದೆ. ಅವರಿಗೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.